ಗೋಸುಂಬೆಗೆ ಚಿಕಿತ್ಸೆ ನಡೆಯುತ್ತಿರುವಾಗ ಮನೆಯ ಆರೈಕೆ: ಮೊದಲು ಬಿಸಿ, ಆಮೇಲೆ ನೀರು, ಊಟ ಕೊನೆಗೆ

"ಡಾಕ್ಟರು ಇಂಜೆಕ್ಷನ್ ಬರೆದುಕೊಟ್ಟು ಐದು ದಿನ ಆಯ್ತು. ಗೋಸುಂಬೆ ಹಗಲಲ್ಲೂ ಕಣ್ಣು ಮುಚ್ಚಿಕೊಂಡೇ ಇರುತ್ತೆ, ಒಂದು ಹುಳವನ್ನೂ ಮುಟ್ಟಿಲ್ಲ. ಬಾಯಿ ಬಿಡಿಸಿ ತಿನ್ನಿಸಲಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದೇ. ಉತ್ತರ: ಈಗಲೇ ಬೇಡ. ಗೂಡಿನೊಳಗೆ ಅದು ಕೂರುವ ಜಾಗದಲ್ಲಿ ಎಷ್ಟು ಡಿಗ್ರಿ ಇದೆ ಅಂತ ಮೊದಲು ನೋಡಿ.

ಗೋಸುಂಬೆ ಶೀತರಕ್ತದ ಪ್ರಾಣಿ. ಮೈಗೆ ಬೇಕಾದ ಕಾವನ್ನು ಹೊರಗಿನಿಂದ ಪಡೆಯಬೇಕು. ಕಾವು ಸಾಲದಿದ್ದರೆ ಚುಚ್ಚಿದ ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಸೋಂಕಿನ ವಿರುದ್ಧ ಮೈ ಹೋರಾಡುವುದಿಲ್ಲ, ಹೊಟ್ಟೆಗೆ ಹೋದದ್ದು ಜೀರ್ಣವಾಗದೆ ಕೊಳೆಯುತ್ತದೆ. ಬಿಸಿ, ನೀರು, ನೆಮ್ಮದಿ ಮೂರೂ ಸರಿಯಿದ್ದರೆ ಮಾತ್ರ ಮದ್ದು ಕೆಲಸ ಮಾಡುತ್ತದೆ. ಬಹಳ ಮನೆಗಳಲ್ಲಿ ಈ ಸಾಲು ತಲೆಕೆಳಗಾಗಿರುತ್ತದೆ: ಮೊದಲು ಊಟ, ಆಮೇಲೆ ಮದ್ದು, ಬಿಸಿಯ ನೆನಪೇ ಇರುವುದಿಲ್ಲ.

ಮುಂದುವರಿಯುವ ಮುನ್ನ ಕಾನೂನಿನ ಒಂದು ಮಾತು. ಮೈಸೂರು, ಮಂಡ್ಯದ ಕುರುಚಲು ಕಾಡು, ಬೇಲಿಸಾಲಿನಲ್ಲಿ ಸಿಗುವ ನಮ್ಮ ಊರಿನ ಗೋಸುಂಬೆಯನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಪ್ರಾಣಿ. ಪೆಟ್ಟಾಗಿ ಬಿದ್ದದ್ದು ಸಿಕ್ಕಿದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೆ ಒಪ್ಪಿಸಿ, ಮನೆಯಲ್ಲಿ ಚಿಕಿತ್ಸೆ ಶುರುಮಾಡಬೇಡಿ. (ಬೇಲಿಯ ಮೇಲೆ ಕೆಂಪು ಕತ್ತು ಆಡಿಸುವ ಓತಿಕ್ಯಾತವನ್ನೂ ಜನ ಗೋಸುಂಬೆ ಅಂದುಬಿಡುತ್ತಾರೆ. ನಿಜವಾದ ಗೋಸುಂಬೆಯ ಬೆರಳುಗಳು ಇಕ್ಕಳದ ಹಾಗೆ ಎರಡು ಗುಂಪಾಗಿರುತ್ತವೆ, ಎರಡು ಕಣ್ಣೂ ಬೇರೆ ಬೇರೆ ಕಡೆ ತಿರುಗುತ್ತವೆ.) ಮನೆಗಳಲ್ಲಿ ಸಾಕುವುದು ಹೆಚ್ಚಾಗಿ ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಗೋಸುಂಬೆ, ಅಪರೂಪಕ್ಕೆ ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆ. ಇವನ್ನು ವಿದೇಶಿ ಪ್ರಾಣಿಗಳ ನೋಂದಣಿಯ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕೆಳಗೆ ಕೊಟ್ಟಿರುವ ಲೆಕ್ಕವೆಲ್ಲ ಬೆಳೆದ ವೇಲ್ಡ್ ಗೋಸುಂಬೆಯದು.

ಔಷಧಿ ಯಾವುದು, ಎಷ್ಟು ಅನ್ನುವುದು ಸರೀಸೃಪಗಳನ್ನು ನೋಡಿ ಪಳಗಿದ ಪಶುವೈದ್ಯರ ಕೆಲಸ. ಅದನ್ನು ಇಲ್ಲಿ ಹುಡುಕಬೇಡಿ.

1. ಸಾಮಾನು ಹೊಂದಿಸಿಕೊಳ್ಳಿ

ಒಂದು ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೊದಲು ಬೇಕು. ಮದ್ದಿನ ಲೆಕ್ಕ ನಿಂತಿರುವುದೇ ತೂಕದ ಮೇಲೆ. ವಯರಿನ ತುದಿಯಲ್ಲಿ ಸೆನ್ಸರ್ ಇರುವ ಥರ್ಮಾಮೀಟರ್ ಎರಡು, ಥರ್ಮೋಸ್ಟಾಟ್ ಒಂದು (ಬಿಸಿ ಮಿತಿ ಮೀರಿದರೆ ತಾನೇ ಆರಿಸುವ ಸಾಧನ), ರಾತ್ರಿಗೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಬಲ್ಬು, ಸೂಜಿಯಿಲ್ಲದ ಒಂದು ಮಿಲಿಲೀಟರ್ ಸಿರಿಂಜ್‌ಗಳು, ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್, ಬಿಳಿ ಟಿಶ್ಯೂ ಪೇಪರ್, ಒಂದು ನೋಟ್‌ಬುಕ್. ಬಿಳಿಯೇ ಯಾಕೆಂದರೆ ಹಿಕ್ಕೆಯ ಬಣ್ಣ ಅದರ ಮೇಲೆ ಮಾತ್ರ ಸರಿಯಾಗಿ ಕಾಣುತ್ತದೆ.

2. ಗೂಡನ್ನು ಆಸ್ಪತ್ರೆ ಮಾಡಿ

ದೊಡ್ಡ ಗೂಡಿನಲ್ಲಿ ಸುಸ್ತಾದ ಪ್ರಾಣಿ ಮೇಲಿಂದ ಬೀಳುತ್ತದೆ. ಅದರಲ್ಲೂ ಮೂಳೆ ಮೆತ್ತಗಾಗಿರುವ ಗೋಸುಂಬೆಗೆ ಒಂದಡಿ ಎತ್ತರದಿಂದ ಬಿದ್ದರೂ ಸಾಕು, ಕಾಲು ಮುರಿಯಲು. ಕಡ್ಡಿಗಳನ್ನು ಅಡ್ಡಡ್ಡಕ್ಕೆ, ಹತ್ತಿರ ಹತ್ತಿರ, ನೆಲದಿಂದ ಅರ್ಧ ಅಡಿಯಿಂದ ಒಂದಡಿಯೊಳಗೆ ಕಟ್ಟಿ. ನೆಲಕ್ಕೆ ಮಡಿಸಿದ ಟವೆಲ್, ಅದರ ಮೇಲೆ ಟಿಶ್ಯೂ. ಮಣ್ಣು, ತೆಂಗಿನ ನಾರಿನ ಪುಡಿ ತೆಗೆದುಬಿಡಿ. ಮರೆಗೆ ತೊಳೆದ ದಾಸವಾಳದ ರೆಂಬೆ ಅಥವಾ ಮನಿ ಪ್ಲಾಂಟಿನ ಬಳ್ಳಿ ಸಾಕು, ಔಷಧ ಹೊಡೆದದ್ದಾಗಿರಬಾರದು.

ಗೂಡು ತಗ್ಗಿದ್ದರೂ ಮೇಜಿನ ಮೇಲಿಡಿ. ಮನುಷ್ಯರ ಮುಖಕ್ಕಿಂತ ಕೆಳಗೆ ಕೂತರೆ ಗೋಸುಂಬೆಗೆ ಗಾಬರಿ. ಮೂರು ಬದಿಗೆ ಬಟ್ಟೆ ಹೊದಿಸಿ. ಬೆಕ್ಕು, ಕನ್ನಡಿ, ಇನ್ನೊಂದು ಗೋಸುಂಬೆ ಯಾವುದೂ ಕಣ್ಣಿಗೆ ಬೀಳಬಾರದು.

ಮೈಸೂರಿನ ಮನೆ ಅಂದಮೇಲೆ ಅಗರಬತ್ತಿಯ ಮಾತು ಬರಲೇಬೇಕು. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿ, ಗೋಡೆಗೆ ಚುಚ್ಚುವ ಸೊಳ್ಳೆ ಔಷಧದ ಯಂತ್ರ ಯಾವುದೂ ಆ ಕೋಣೆಯಲ್ಲಿ ಬೇಡ. ಶ್ವಾಸದ ಸೋಂಕಿರುವ ಪ್ರಾಣಿಗೆ ಆ ಹೊಗೆ ಮದ್ದನ್ನೇ ಸೋಲಿಸುತ್ತದೆ. ದೇವರ ಮನೆಯ ಪಕ್ಕದ ಕೋಣೆಯಾದರೆ ಜಾಗ ಬದಲಿಸಿ.

3. ಬಿಸಿ

ಹಗಲಲ್ಲಿ ಬಿಸಿ ಕೊಡುವ ಬಲ್ಬಿನ ಕೆಳಗೆ, ಗೋಸುಂಬೆಯ ಬೆನ್ನು ಬರುವ ಎತ್ತರದಲ್ಲಿ 30ರಿಂದ 32 ಡಿಗ್ರಿ ಸೆಲ್ಸಿಯಸ್, ಗೂಡಿನ ಉಳಿದ ಭಾಗದಲ್ಲಿ 25ರಿಂದ 27. ಆರೋಗ್ಯವಾಗಿರುವಾಗ ರಾತ್ರಿ 18ಕ್ಕೆ ಇಳಿದರೂ ತೊಂದರೆಯಿಲ್ಲ, ಅದಕ್ಕೆ ಒಳ್ಳೆಯದೇ. ಚಿಕಿತ್ಸೆಯ ದಿನಗಳಲ್ಲಿ ಮಾತ್ರ 22ಕ್ಕಿಂತ ಕೆಳಗೆ ಬಿಡಬೇಡಿ. ಡಿಸೆಂಬರ್, ಜನವರಿಯ ನಮ್ಮ ರಾತ್ರಿಗಳಲ್ಲಿ ಹೀಟರ್ ಇಲ್ಲದೆ ಅದು ಆಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಜಿಟಿಜಿಟಿ ಮಳೆಯಲ್ಲಿ ಹಗಲೂ ಕಷ್ಟ. ರಾತ್ರಿ ಕೆಂಪು ಬಲ್ಬು ಹಾಕಬೇಡಿ, ನಿದ್ದೆ ಕೆಡುತ್ತದೆ.

ಎಡವುವುದು ಎಲ್ಲಿ? ಥರ್ಮಾಮೀಟರನ್ನು ಗೂಡಿನ ಗೋಡೆಗೆ ಅಂಟಿಸುವುದರಲ್ಲಿ. ಗೋಡೆ 27 ತೋರಿಸುತ್ತಿರುವಾಗ ಬಲ್ಬಿನ ಕೆಳಗೆ 40 ಇರಬಹುದು. ಗಟ್ಟಿಮುಟ್ಟಾದ ಗೋಸುಂಬೆ ಸುಟ್ಟರೆ ಸರಿದುಕೊಳ್ಳುತ್ತದೆ, ರೋಗ ಬಂದದ್ದು ಕೂತಲ್ಲೇ ಕೂತು ಬೇಯುತ್ತದೆ. ಮೊದಲು ಸುಡುವುದು ತಲೆಯ ಮೇಲಿನ ಕಿರೀಟದ ತುದಿ. ಬಲ್ಬಿಗೂ ಅದಕ್ಕೂ ಕನಿಷ್ಠ 20 ಸೆಂಟಿಮೀಟರ್ ಅಂತರ ಇರಲಿ, ಸೆನ್ಸರ್ ತುದಿಯನ್ನು ಕಡ್ಡಿಗೇ ಕಟ್ಟಿ.

ಕರೆಂಟ್ ಹೋದರೆ: ಕೈಗೆ ತಾಳುವಷ್ಟು ಬಿಸಿಯಾದ ನೀರನ್ನು ಎರಡು ಒಂದು ಲೀಟರ್ ಬಾಟಲಿಗೆ ತುಂಬಿ, ಟವೆಲ್ ಸುತ್ತಿ, ಗೂಡಿನ ಹೊರಬದಿಗೆ ಒತ್ತಿಡಿ. ಮೇಲೆ ಕಂಬಳಿ ಹೊದಿಸಿ, ಮುಂದಿನ ಬದಿ ಗಾಳಿಗೆ ಬಿಡಿ. ಸುಮಾರು ಒಂದು ಗಂಟೆಗೊಮ್ಮೆ ನೀರು ಬದಲಿಸಿ. ಕೆಂಡದ ಬಾಣಲೆ ಇಡುವ ಯೋಚನೆಯನ್ನೇ ಮಾಡಬೇಡಿ.

ಯುವಿಬಿ ಟ್ಯೂಬನ್ನೂ ಬಿಡದೆ 12 ಗಂಟೆ ಉರಿಸಿ. ಸೂರ್ಯನ ಬೆಳಕಿನಲ್ಲಿರುವ, ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗಲು ಬೇಕಾದ ಕಿರಣ ಅದು. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಗಾಜು, ಪ್ಲಾಸ್ಟಿಕ್ ಅದನ್ನು ತಡೆಯುತ್ತವೆ, ಆದ್ದರಿಂದ ಮುಚ್ಚಿದ ಕಿಟಕಿಯ ಬಿಸಿಲು ಲೆಕ್ಕಕ್ಕಿಲ್ಲ. ಟ್ಯೂಬ್ ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಉರಿಯುತ್ತಿದ್ದರೂ ಬದಲಿಸಿ.

4. ನೀರು

ಗೋಸುಂಬೆ ಬಟ್ಟಲಿನ ನೀರು ಕುಡಿಯುವುದು ಅಪರೂಪ. ಎಲೆಯಿಂದ ತೊಟ್ಟಿಕ್ಕುವ ಹನಿಯೇ ಅದಕ್ಕೆ ನೀರು. ಮೆಡಿಕಲ್ ಶಾಪಿನಲ್ಲಿ ಸಿಗುವ ಡ್ರಿಪ್ ಸೆಟ್ ಇಲ್ಲಿ ಚೆನ್ನಾಗಿ ಒದಗುತ್ತದೆ: ಕುಡಿಯುವ ನೀರಿನ ಬಾಟಲಿಯನ್ನು ಗೂಡಿನ ಮೇಲೆ ತಲೆಕೆಳಗಾಗಿ ನೇತುಹಾಕಿ, ಎರಡು ಸೆಕೆಂಡಿಗೊಂದು ಹನಿ ಎಲೆಯ ಮೇಲೆ ಬೀಳುವಂತೆ ಗಾಲಿ ತಿರುಗಿಸಿ, ಕೆಳಗೊಂದು ಡಬ್ಬಿ ಇಡಿ. ಬೆಳಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ. ಕೊಳವೆಯಲ್ಲಿ ಪಾಚಿ ಕಟ್ಟುವ ಮೊದಲೇ ಬದಲಿಸಿ. ಇದರ ಜೊತೆಗೆ ಉಗುರುಬೆಚ್ಚಗಿನ ನೀರನ್ನು ದಿನಕ್ಕೆರಡು ಸಲ, ಎರಡೆರಡು ನಿಮಿಷ, ಮಂಜಿನಂತೆ ಸಿಂಪಡಿಸಿ. ಮುಖಕ್ಕೆ ನೇರವಾಗಿ ಹೊಡೆಯಬೇಡಿ. ಶ್ವಾಸದ ಸೋಂಕಿದ್ದರೆ ಸಂಜೆಯೊಳಗೆ ಗೂಡು ಒಣಗಿರಬೇಕು. ತಣ್ಣಗೆ ತೇವವಾಗಿ ಗಾಳಿಯಾಡದೆ ಇರುವ ಗೂಡು ಸೋಂಕಿನ ತವರುಮನೆ.

ನೀರು ಸಾಲುತ್ತಿದೆಯೇ ಅಂತ ಹೇಳುವುದು ಯೂರೇಟ್, ಅಂದರೆ ಹಿಕ್ಕೆಯ ಜೊತೆ ಬರುವ ಗಟ್ಟಿ ಮೂತ್ರ. ಅದು ಪೂರ್ತಿ ಬಿಳಿಯಾಗಿದ್ದರೆ, ತುದಿಯಲ್ಲಿ ಚೂರು ಹಳದಿಯಿದ್ದರೂ, ಚಿಂತೆಯಿಲ್ಲ. ಪೂರ್ತಿ ಕಿತ್ತಳೆ ಬಣ್ಣವಾಗಿ ಸುಣ್ಣದ ಕಡ್ಡಿಯಂತೆ ಗಟ್ಟಿಯಾದರೆ ನೀರು ಸಾಲದು. ಕಣ್ಣಿನ ಗೋಪುರ ಗುಂಡಗಿರುವ ಬದಲು ಒಳಕ್ಕೆ ಕುಸಿದಿದ್ದರೆ ಸಿಂಪಡಿಸಿ ತೀರುವಂಥದ್ದಲ್ಲ, ಚರ್ಮದಡಿಗೆ ಸಲೈನ್ ಕೊಡಬೇಕಾಗಬಹುದು. ವೈದ್ಯರಿಗೆ ಫೋನ್ ಮಾಡಿ.

ಎಳನೀರು ಕೊಡಬೇಡಿ. ಎಳನೀರಿಗೆ ಹೆಸರಾದ ಮದ್ದೂರು ಪಕ್ಕದಲ್ಲೇ ಇದೆ, ಮನುಷ್ಯರಿಗೆ ಅಮೃತ, ಎಲ್ಲ ನಿಜ. ಅದರಲ್ಲಿ ಪೊಟ್ಯಾಸಿಯಂ ತುಂಬಾ ಇದೆ, ಬಾಡಿದ ಗೋಸುಂಬೆಯ ಮೂತ್ರಪಿಂಡ ಅದನ್ನು ತಾಳಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಟಬ್ಬಿನಲ್ಲಿ ನೆನೆಸುವುದೂ ಬೇಡ. ಇದು ಮರದ ಪ್ರಾಣಿ, ಆಮೆಯಲ್ಲ.

5. ಮದ್ದು

ಮದ್ದಿಗೆ ಒಳ್ಳೆಯ ಹೊತ್ತು ಬೆಳಗಿನ 10 ಗಂಟೆಯ ಮೇಲೆ, ಬಲ್ಬಿನಡಿ ಒಂದೆರಡು ತಾಸು ಕೂತು ಮೈ ಕಾದ ನಂತರ. ನಸುಕಿನಲ್ಲಿ ತಣ್ಣಗಿರುವ ಮೈಗೆ ಕೊಡಬೇಡಿ.

ಸಿರಿಂಜಿನ ಬಗ್ಗೆ ನಿಧಾನವಾಗಿ ಓದಿ, ಅಪಾಯ ಇರುವುದು ಇಲ್ಲೇ. ಸಣ್ಣ ಪ್ರಮಾಣಕ್ಕೆ ಇನ್ಸುಲಿನ್ ಸಿರಿಂಜ್ ಬಳಸಲು ವೈದ್ಯರು ಹೇಳುತ್ತಾರೆ. ನಮ್ಮ ಅಂಗಡಿಗಳಲ್ಲಿ ಅದು ಎರಡು ಬಗೆ: ಕೆಂಪು ಮುಚ್ಚಳದ ಯು-40, ಕಿತ್ತಳೆ ಮುಚ್ಚಳದ ಯು-100. ಮೊದಲನೆಯದರಲ್ಲಿ 40 ಯೂನಿಟ್ ಸೇರಿದರೆ ಒಂದು ಮಿಲಿ, ಎರಡನೆಯದರಲ್ಲಿ 100 ಯೂನಿಟ್. ವೈದ್ಯರು 0.08 ಮಿಲಿ ಅಂದಿದ್ದರೆ ಯು-100ರಲ್ಲಿ 8 ಯೂನಿಟ್. ಅದೇ 8 ಯೂನಿಟ್ಟನ್ನು ಯು-40ರಲ್ಲಿ ಎಳೆದರೆ 0.2 ಮಿಲಿ, ಅಂದರೆ ಎರಡೂವರೆ ಪಟ್ಟು. "ಎಂಟು ಗೆರೆ" ಅಂತ ಬಾಯಲ್ಲಿ ಕೇಳಿಸಿಕೊಂಡು ಬರಬೇಡಿ. ಎಷ್ಟು ಮಿಲಿ, ಯಾವ ಸಿರಿಂಜ್ ಎರಡನ್ನೂ ಬರೆಸಿಕೊಳ್ಳಿ, ಮೊದಲ ಡೋಸನ್ನು ಅವರೆದುರೇ ಎಳೆದು ತೋರಿಸಿ.

ಚುಚ್ಚುವ ಜಾಗ ಮೈಯ ಮುಂದಿನ ಅರ್ಧದಲ್ಲಿ, ಸಾಮಾನ್ಯವಾಗಿ ಮುಂಗಾಲಿನ ಮೇಲ್ಭಾಗದ ಸ್ನಾಯು ಅಥವಾ ಭುಜದ ಚರ್ಮದಡಿ. ಹಿಂಗಾಲು, ಬಾಲಕ್ಕೆ ಬೇಡ. ಸರೀಸೃಪಗಳಲ್ಲಿ ಹಿಂಭಾಗದ ರಕ್ತ ಹೃದಯಕ್ಕೆ ಹೋಗುವ ಮುನ್ನ ಮೂತ್ರಪಿಂಡದ ಮೂಲಕ ಹಾಯಬಹುದು. ಔಷಧಿ ಮೈಗೆ ಹರಡುವ ಮೊದಲೇ ಸೋರಬಹುದು, ಮೂತ್ರಪಿಂಡಕ್ಕೂ ಪೆಟ್ಟು. ಗೋಸುಂಬೆಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಕಡ್ಡಿಯನ್ನೇ ತೆಗೆದು ಮೇಜಿನ ಮೇಲಿಡಿ, ಅದು ಕಡ್ಡಿ ಹಿಡಿದುಕೊಂಡೇ ಇರಲಿ. ಮನೆಯ ಇನ್ನೊಬ್ಬರು ಬೆನ್ನ ಮೇಲೆ ಅಂಗೈಯನ್ನು ಸೂರಿನಂತೆ ಅಡ್ಡ ಹಿಡಿಯಲಿ. ಗುಳ್ಳೆ ತೆಗೆದು, ಚುಚ್ಚಿ, ನಿಧಾನಕ್ಕೆ ಒತ್ತಿ. ಇವತ್ತು ಎಡ ಭುಜವಾದರೆ ಮುಂದಿನದು ಬಲ. ಯಾವ ಕಡೆ ಅಂತ ಬರೆದಿಡಿ.

ಚುಚ್ಚಿದ ಮೇಲೆ ಮೈ ಕಪ್ಪಾಗುವುದು ಸಿಟ್ಟು ಮತ್ತು ನೋವಿನಿಂದ. ಬಿಟ್ಟುಬಿಟ್ಟರೆ ಕ್ರಮೇಣ ತಿಳಿಯಾಗುತ್ತದೆ. ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಉರಿಯುವಂಥದ್ದು, ಚುಚ್ಚಿದ ಕಡೆ ಚರ್ಮ ಕಪ್ಪು ಕಲೆಯಾಗಿ ಉಳಿಯಬಹುದು. ಕಂಡರೆ ಫೋಟೊ ತೆಗೆದು ವೈದ್ಯರಿಗೆ ಕಳಿಸಿ. ಸೆಫ್ಟಾಜಿಡಿಮ್ ಎಂಬ ಇನ್ನೊಂದು ಆಂಟಿಬಯೋಟಿಕ್ ಅನ್ನು ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ ಕೊಡುತ್ತಾರೆ. "ಒಂದು ದಿನ ಬಿಟ್ಟು ಒಂದು ದಿನ" ಅಂತ ತಪ್ಪು ತಿಳಿದುಕೊಳ್ಳುವವರುಂಟು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪುಡಿಗೆ ನೀರು ಬೆರೆಸಿದ ಮೇಲೆ ಅದನ್ನು ಹೇಗಿಡಬೇಕು, ಎಷ್ಟು ದಿನ ಅಂತ ಕೇಳಿಕೊಂಡೇ ಬನ್ನಿ.

ಬಾಯಿಗೆ ಹಾಕುವ ಮದ್ದಾದರೆ, ಗೋಸುಂಬೆ ಹುಳು ತಿನ್ನುತ್ತಿದ್ದರೆ ಬಾಯಿಗೆ ಕೈಹಾಕುವ ಗೊಡವೆಯೇ ಬೇಡ: ಹುಳುವಿನ ಹೊಟ್ಟೆಗೆ ಸೂಜಿಯಲ್ಲಿ ಮದ್ದು ತುಂಬಿ ತಿನ್ನಿಸಿ. ತಿನ್ನದಿದ್ದರೆ ಅದು ಸಿಟ್ಟಿನಿಂದ ಬಾಯ್ತೆರೆಯುವ ತನಕ ಕಾಯಿರಿ. ತೆರೆದಾಗ ನೋಡಿ, ನಾಲಿಗೆಯ ಬುಡದ ಹತ್ತಿರ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದು ಉಸಿರಿನ ಬಾಯಿ. ಮದ್ದು ಅಲ್ಲಿಗೆ ಬಿದ್ದರೆ ನೇರ ಶ್ವಾಸಕೋಶಕ್ಕೆ. ಸಿರಿಂಜಿನ ತುದಿಯನ್ನು ಕೆನ್ನೆಯ ಮೂಲೆಗೆ ತಾಗಿಸಿ ಒಂದೊಂದೇ ಹನಿ ಬಿಡಿ, ಪ್ರತಿ ಹನಿ ನುಂಗುವ ತನಕ ನಿಲ್ಲಿಸಿ. ಬಾಯಿ ತೆರೆಸಲೇಬೇಕಾದರೆ ಮೆತ್ತನೆ ಪ್ಲಾಸ್ಟಿಕ್ ಕಾರ್ಡಿನ ಅಂಚು, ಚಮಚ ಕೂಡದು. ಇದರ ಹಲ್ಲು ದವಡೆಯ ಮೂಳೆಗೇ ಬೆಸೆದುಕೊಂಡಿದೆ. ಮುರಿದರೆ ಮತ್ತೆ ಬರುವುದಿಲ್ಲ, ಆ ಜಾಗಕ್ಕೆ ಕೀವು ಕೂರುತ್ತದೆ.

ಕಣ್ಣಿಗೆ ಮನೆಯಲ್ಲಿ ಉಳಿದ ಡ್ರಾಪ್ಸ್ ಹಾಕಬೇಡಿ. ಹಲವದರಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ, ಹುಣ್ಣಿರುವ ಕಣ್ಣಿಗೆ ಅದು ಕೇಡು. ಹಾಗೆಯೇ ಮಂಡ್ಯದ ಕಡೆ ಪ್ರತಿ ಮನೆಯಲ್ಲೂ ಇರುವ ಹಸುವಿನ ಕ್ಯಾಲ್ಸಿಯಂ ದ್ರಾವಣ: ಅದರಲ್ಲಿ ಸಾಮಾನ್ಯವಾಗಿ ರಂಜಕ, ಡಿ3 ಎರಡೂ ಇರುತ್ತವೆ. ಮೂಳೆ ಮೆತ್ತಗಾದ ಗೋಸುಂಬೆಗೆ ರಂಜಕ ಹೆಚ್ಚಾದರೆ ರೋಗ ಹೆಚ್ಚಿದಂತೆ, ನೂರು ಗ್ರಾಂ ಮೈಗೆ ಅಷ್ಟು ಡಿ3 ವಿಷ. ಕುರಿ, ಹಸುವಿಗೆ ಕೊಡುವ ಐವರ್ಮೆಕ್ಟಿನ್ ಜಂತುಮದ್ದೂ ಅಷ್ಟೇ, ಮುಟ್ಟಬೇಡಿ.

6. ಊಟ

ಬಿಸಿ, ನೀರು ಸರಿಹೋಗಿ ಎರಡು ಮೂರು ದಿನವಾದ ಮೇಲೆ ಊಟದ ಯೋಚನೆ. ಬೆಳೆದ ಗೋಸುಂಬೆ ಕೆಲವು ದಿನ ಉಪವಾಸ ತಡೆದುಕೊಳ್ಳುತ್ತದೆ. ಮರಿಗಳಿಗೆ ಮತ್ತು ಮೊದಲೇ ಒಣಕಲಾಗಿರುವವಕ್ಕೆ ಈ ಮಾತು ಅನ್ವಯಿಸುವುದಿಲ್ಲ, ಅವುಗಳ ವಿಚಾರ ಮೊದಲ ದಿನವೇ ಕೇಳಿ.

ನಮ್ಮ ಭಾಗದವರಿಗೆ ಇಲ್ಲೊಂದು ಅನುಕೂಲವಿದೆ: ರೇಷ್ಮೆ ಹುಳು. ಮೆತ್ತಗೆ, ಮೈತುಂಬ ನೀರು, ಗಟ್ಟಿ ಚಿಪ್ಪಿಲ್ಲ, ನಿಧಾನಕ್ಕೆ ಹರಿದಾಡುವುದರಿಂದ ಸುಸ್ತಾದ ಗೋಸುಂಬೆಗೂ ಗುರಿ ತಪ್ಪುವುದಿಲ್ಲ. ಎರಡನೇ ಜ್ವರ ಎದ್ದ ಹುಳು, ಅಂದರೆ ಎರಡು ಸಲ ಪೊರೆ ಬಿಟ್ಟು ಚಾಕಿ ಮನೆಯಿಂದ (ಎಳೆ ಹುಳು ಸಾಕುವ ಕಡೆಯಿಂದ) ರೈತರ ಮನೆಗೆ ಬರುವ ಹಂತದ್ದು, ಸರಿಯಾದ ಗಾತ್ರ. ಗೂಡು ಕಟ್ಟಲು ಹಣ್ಣಾದ ಹುಳು ಬೇಡ, ದೊಡ್ಡದಾಯಿತು. ಗದ್ದೆ ಬಯಲಿನ ಮಿಡತೆಗಿಂತ ಇದು ಎಷ್ಟೋ ನಂಬಿಕಸ್ಥ. ಕೀಟನಾಶಕ ಬಿದ್ದ ಸೊಪ್ಪು ತಿಂದರೆ ಹುಳುವೇ ಸಾಯುವುದರಿಂದ ಸೊಪ್ಪಿನ ವಿಷಯದಲ್ಲಿ ರೈತರೇ ಎಚ್ಚರವಾಗಿರುತ್ತಾರೆ.

ಆದರೂ ಎರಡು ನೋಡಿಕೊಳ್ಳಿ. ಜ್ವರ ಎದ್ದಾಗ ಹುಳುವಿನ ಮೇಲೆ ಸೋಂಕು ನಿವಾರಕ ಪುಡಿ ಉದುರಿಸುವ ವಾಡಿಕೆಯಿದೆ. ಪುಡಿ ಹಾಕುವ ಮೊದಲೇ ತನ್ನಿ, ಇಲ್ಲವೇ ಮನೆಯಲ್ಲಿ ಎರಡು ಮೂರು ದಿನ ತಾಜಾ ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕಿ ಆಮೇಲೆ ಕೊಡಿ. ಎರಡನೆಯದು, ಹಾಲುತೊಂಡೆ ರೋಗ ಬಂದ ಊದಿದ ಹುಳು, ಸಪ್ಪೆ ರೋಗದ ಜೋಲು ಹುಳು, ಸುಣ್ಣಕಟ್ಟು ರೋಗ ಹಿಡಿದು ಬೆಳ್ಳಗೆ ಗಟ್ಟಿಯಾದದ್ದು, ಯಾವುದನ್ನೂ ತರಬೇಡಿ. ದಿನಕ್ಕೆ ಮೂರರಿಂದ ಐದು ಹುಳು ಸಾಕು, ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ತೆಳ್ಳಗೆ ಸವರಿ, ಬೆರಳಿನಿಂದಲ್ಲ, ಎಲೆಯ ಮೇಲಿಟ್ಟು ನೀವು ದೂರ ಸರಿಯಿರಿ. ನೀವು ನೋಡುತ್ತಾ ನಿಂತರೆ ಅದು ತಿನ್ನುವುದಿಲ್ಲ.

ಹುಳುವನ್ನೇ ಮುಟ್ಟದಿದ್ದರೆ ವೈದ್ಯರು ಮಾಂಸಾಹಾರಿ ಪ್ರಾಣಿಗಳ ಪುಡಿ ಆಹಾರವನ್ನು ನೀರಲ್ಲಿ ಕಲಸಿ ಕೊಡಲು ಹೇಳಬಹುದು. ನೂರು ಗ್ರಾಂ ತೂಕಕ್ಕೆ ಮೊದಲ ಸಲ ಅರ್ಧ ಮಿಲಿ, ಅರಗಿದರೆ ನಿಧಾನವಾಗಿ ಒಂದು ಮಿಲಿವರೆಗೆ. ಮಜ್ಜಿಗೆಯಷ್ಟು ತೆಳ್ಳಗಿರಲಿ. ಮಧ್ಯಾಹ್ನದೊಳಗೆ ಮುಗಿಸಿ, ಅರಗಲು ಸಂಜೆಯವರೆಗಿನ ಬಿಸಿ ಬೇಕು. ಬಲವಂತದ ಊಟ ಉಪವಾಸಕ್ಕಿಂತ ದೊಡ್ಡ ಅಪಾಯ, ಹೇಗೆ ಅಂತ ವೈದ್ಯರಿಂದ ತೋರಿಸಿಕೊಳ್ಳದೆ ಮಾಡಬೇಡಿ.

7. ಬರೆದಿಡಿ

ದಿನವೂ ಬೆಳಗ್ಗೆ, ನೀರು ಕೊಡುವ ಮೊದಲು, ಕಡ್ಡಿಸಮೇತ ತಕ್ಕಡಿಯ ಮೇಲಿಟ್ಟು ಕಡ್ಡಿಯ ತೂಕ ಕಳೆಯಿರಿ. ತೂಕ, ಕಣ್ಣು ತೆರೆದಿತ್ತೇ, ಕಾಲಿನ ಹಿಡಿತ ಬಿಗಿಯಿತ್ತೇ, ಯೂರೇಟಿನ ಬಣ್ಣ, ಮದ್ದು ಕೊಟ್ಟ ಹೊತ್ತು. ಐದು ಸಾಲು ಸಾಕು. ಮೊದಲ ದಿನದ ತೂಕದಲ್ಲಿ ಹತ್ತನೇ ಒಂದು ಭಾಗ ಇಳಿದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ತಕ್ಷಣ ಹೊರಡಬೇಕಾದವು: ಬಲ್ಬಿನಡಿ ಅಲ್ಲದಿದ್ದರೂ ಬಾಯ್ತೆರೆದು ಮೂಗು ಮೇಲೆತ್ತಿ ಉಸಿರಾಡುವುದು, ಮೂಗು ಬಾಯಲ್ಲಿ ಗುಳ್ಳೆ, ಕಡ್ಡಿಯಿಂದ ಬೀಳುವುದು, ಒಳಕ್ಕೆ ಹೋಗದೆ ಜೋತುಬಿದ್ದ ನಾಲಿಗೆ, ಹಿಂಬದಿಯಿಂದ ಹೊರಬಂದ ಕೆಂಪು ಮಾಂಸ. ಕೊನೆಯ ಎರಡನ್ನು ಸಲೈನಿನಲ್ಲಿ ಅದ್ದಿದ ಬಟ್ಟೆಯಿಂದ ದಾರಿಯುದ್ದಕ್ಕೂ ಒದ್ದೆಯಾಗಿಡಿ. ಹೆಣ್ಣು ನೆಲದಲ್ಲಿ ಕೆರೆಯುತ್ತಾ ಸುಸ್ತಾದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಗಂಡಿಲ್ಲದೆಯೂ ಅವು ಮೊಟ್ಟೆ ಕಟ್ಟುತ್ತವೆ.

8. ವೈದ್ಯರಿಗೆ ತೋರಿಸಲು ಬೆಂಗಳೂರಿಗೆ ಒಯ್ಯಬೇಕಾದರೆ

ಗಾಳಿತೂತಿರುವ ಸಣ್ಣ ಪೆಟ್ಟಿಗೆ, ಅಲುಗದಂತೆ ಸಿಕ್ಕಿಸಿದ ಒಂದು ಕಡ್ಡಿ, ತಳಕ್ಕೆ ಟವೆಲ್, ಒಳಗೆ ಕತ್ತಲು. ಕಾರಿನೊಳಗೆ 24ರಿಂದ 27 ಡಿಗ್ರಿ ಇರಲಿ, ಏಸಿ ಗಾಳಿ ಪೆಟ್ಟಿಗೆಗೆ ಹೊಡೆಯಬಾರದು. ಮದ್ದೂರಲ್ಲಿ ವಡೆಗೆ ಇಳಿದರೆ ಪೆಟ್ಟಿಗೆಯೂ ನಿಮ್ಮ ಜೊತೆ ಇಳಿಯಲಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಕೆಲವೇ ನಿಮಿಷ ಸಾಕು, ಬೇಯಲು. ಇತ್ತೀಚಿನ ಹಿಕ್ಕೆಯನ್ನು ಜಿಪ್ ಚೀಲದಲ್ಲಿ ಹಾಕಿಕೊಳ್ಳಿ, ನೋಟ್‌ಬುಕ್ ಮರೆಯಬೇಡಿ.

9. ಚೇತರಿಸಿಕೊಂಡಂತೆ ಕಂಡ ಮೇಲೆ

ಮೂರನೇ ಡೋಸಿಗೇ ಕಣ್ಣು ತೆರೆದು ಹುಳು ಹಿಡಿದರೆ "ವಾಸಿಯಾಯ್ತು" ಅಂತ ಮದ್ದು ನಿಲ್ಲಿಸುವವರೇ ಹೆಚ್ಚು. ಹೇಳಿದಷ್ಟು ಡೋಸ್ ಮುಗಿಸಿ. ಅರ್ಧಕ್ಕೆ ಬಿಟ್ಟ ಸೋಂಕು ಮರಳಿದರೆ ಅದೇ ಔಷಧಿಗೆ ಬಗ್ಗದಿರಬಹುದು. ಜಂತುಮದ್ದಾಗಿದ್ದರೆ ವೈದ್ಯರು ಹೇಳಿದ ಅಂತರದಲ್ಲಿ ಹಿಕ್ಕೆಯ ಪರೀಕ್ಷೆ ಮತ್ತೊಮ್ಮೆ ಮಾಡಿಸಿ, ಅಲ್ಲಿಯವರೆಗೆ ಟಿಶ್ಯೂ ದಿನವೂ ಬದಲಾಗಲಿ.

ಈ ಅವಧಿಯುದ್ದಕ್ಕೂ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಸರೀಸೃಪಗಳ ಮಲದಲ್ಲಿ ಸಾಲ್ಮೊನೆಲ್ಲಾ ಇರುವುದು ಸಾಮಾನ್ಯ. ಗೂಡಿನ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಿ, ಕ್ಲಿನಿಕ್ಕಿಗೇ ಹಿಂದಿರುಗಿಸಿ.

ಹಳೆಯ ಗೂಡಿಗೆ ಮರಳಿಸುವಾಗ ಕಡ್ಡಿಗಳನ್ನು ವಾರಕ್ಕೊಂದು ಹಂತ ಎತ್ತರಿಸಿ, ರಾತ್ರಿಯ ಬಿಸಿಯನ್ನು ಎರಡು ದಿನಕ್ಕೆ ಒಂದು ಡಿಗ್ರಿಯಂತೆ ಇಳಿಸಿ. ಹೊಸ ಯುವಿಬಿ ಟ್ಯೂಬ್ ಹಾಕಿದ್ದರೆ ಅದರ ತುದಿಯ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆಯಿರಿ.